ಎರಡು ಕಳಾವರ್ ಎಂಬ ಕರೆಯೋಲೆ

ಮಧ್ಯಾಹ್ನದ ನಿದ್ದೆ ತಿಳಿಯಾಗುವ ಹೊತ್ತಿಗೆ, ಕಣ್ಣು ಬಿಟ್ಟಿದ್ದೇನೆಯೋ ಇಲ್ಲವೋ ನನಗೇ ಗೊತ್ತಾಗದ ಆ ಅರೆಗಳಿಗೆಯಲ್ಲಿ, ಯಾರೋ ಇಸ್ಪೀಟಿನ ಎಲೆ ಕಲಸುವ ಸದ್ದು ಕೇಳುತ್ತದೆ. ಆಮೇಲೆ ಮೆಲ್ಲಗೆ ಜಗಲಿ ಬರುತ್ತದೆ. ಹುಣಸೂರಿನ ಬಾಡಿಗೆ ಮನೆಯ ಜಗಲಿ, ಅದರ ತಣ್ಣನೆಯ ಗಾರೆ ನೆಲ. ಬೀದಿಯಲ್ಲಿ ಪಿರಿಯಾಪಟ್ಟಣದ ಕಡೆಯಿಂದ ಹೊಗೆಸೊಪ್ಪಿನ ಗಾಡಿಗಳು ಒಂದರ ಹಿಂದೊಂದು ಬರುತ್ತಿರುತ್ತವೆ. ಅವುಗಳ ಘಾಟು ಮೂಗಿಗೆ ಬಡಿದರೂ ಸೀನು ಬರುವುದಿಲ್ಲ, ಕನಸಲ್ಲವೇ. ಎದುರಿಗೆ ನಮ್ಮ ದರ್ಜಿ ಸಾಹೇಬರು ಕೂತಿರುತ್ತಾರೆ. ಮುಖ ಮಸುಕು. ಕೈ ಮಾತ್ರ ಸ್ಪಷ್ಟವಾಗಿ ಕಾಣುತ್ತದೆ, ಸೂಜಿ ಚುಚ್ಚಿ ಚುಚ್ಚಿ ಒರಟಾದ ಬೆರಳ ತುದಿ, ಅದರ ನಡುವೆ ಬೀಸಣಿಗೆ ಹರಡಿದಂತೆ ಹದಿಮೂರು ಎಲೆ. ಅವರು ಏನೋ ಹೇಳಲು ಬಾಯಿ ತೆರೆಯುತ್ತಾರೆ, ಅಷ್ಟರಲ್ಲಿ ನನಗೆ ಎಚ್ಚರವಾಗುತ್ತದೆ.

ಅವರು ಏನು ಹೇಳಲಿದ್ದರೆಂದು ನನಗೆ ಗೊತ್ತು. ಅದನ್ನೇ ಈಗ ಬರೆಯುತ್ತಿದ್ದೇನೆ.

ಆಗ ನಾನು ಅಲ್ಲಿಯ ಮಿಡ್ಲ್ ಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳು ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಕೆಮ್ಮುತ್ತಾ ಓಡುತ್ತಿದ್ದ ಕಾಲ. ಊರಿನಲ್ಲಿ ಅಧಿಕಾರಿಗಳಿಗೂ ಮೇಷ್ಟ್ರುಗಳಿಗೂ ಒಂದು ಕ್ಲಬ್ಬಿತ್ತು. ಕ್ಲಬ್ಬೆಂದರೆ ದೊಡ್ಡದೇನಲ್ಲ, ಹೊಂಗೆಮರಗಳ ನೆರಳಿನಲ್ಲಿ ಹೆಂಚಿನ ಒಂದು ಕಟ್ಟಡ, ಮೂರು ಮೇಜು, ಒಂದು ಗೋಡೆಗಡಿಯಾರ, ಹಳೆಯ ಪತ್ರಿಕೆಗಳು. ಅಲ್ಲಿ ಸಂಜೆ ಬ್ರಿಜ್ ಆಡುತ್ತಿದ್ದೆವು. ಬ್ರಿಜ್ ಅಂದರೆ ಎದುರುಬದುರು ಕೂತ ಇಬ್ಬರು ಒಂದು ಜೊತೆ. ಒಬ್ಬರ ಎಲೆ ಇನ್ನೊಬ್ಬರಿಗೆ ಕಾಣದು. ಆಟ ಶುರುವಾಗುವ ಮುಂಚೆ ಸರದಿಯ ಮೇಲೆ ಒಬ್ಬೊಬ್ಬರು ಒಂದು ಸಂಖ್ಯೆ, ಒಂದು ಬಣ್ಣ ಹೇಳಬೇಕು. ಒಂದು ಆಟೀನ್, ಎರಡು ಇಸ್ಪೀಟ್, ಮೂರು ಕಳಾವರ್, ನಾಲ್ಕು ಡೈಮನ್, ಹೀಗೆ. ಹೇಳುವುದಿಲ್ಲವಾದರೆ ಪಾಸ್. ಇಷ್ಟೇ ಮಾತಿನಲ್ಲಿ ನನ್ನ ಕೈಯಲ್ಲಿ ಏನಿದೆ ಎಂದು ಜೊತೆಯವನಿಗೆ ತಿಳಿಯಬೇಕು. ಹುಬ್ಬು ಹಾರಿಸುವಂತಿಲ್ಲ, ಕೆಮ್ಮುವಂತಿಲ್ಲ. ಅದಕ್ಕೇ ಯಾವ ಮಾತಿಗೆ ಏನರ್ಥ ಎಂದು ಇಬ್ಬರೂ ಮೊದಲೇ ಒಂದು ಪದ್ಧತಿ ಗೊತ್ತುಮಾಡಿಕೊಳ್ಳಬೇಕು. ಮಾಡಿಕೊಂಡದ್ದು ನೆನಪಿರಬೇಕು. ನೆನಪಿಲ್ಲದಿದ್ದರೆ ದೇವರೇ ಗತಿ!

ನನ್ನ ಹಳೆಯ ಜೊತೆಯವರಿಗೆ ಕೃಷ್ಣರಾಜನಗರಕ್ಕೆ ವರ್ಗವಾಯಿತು. ಎರಡು ವಾರ ನಾನು ಮುಖ ಊದಿಸಿಕೊಂಡು ಪತ್ರಿಕೆ ಓದಿದೆ. ಒಂದು ಸಂಜೆ ಪೇಟೆಬೀದಿಯ ದರ್ಜಿ ಸಾಹೇಬರು ಯಾರದೋ ಕೋಟಿನ ಅಳತೆ ನೋಡಲು ಕ್ಲಬ್ಬಿಗೆ ಬಂದಿದ್ದರು. ನಮ್ಮ ಮೇಜಿಗೆ ನಾಲ್ಕನೆಯವರಿರಲಿಲ್ಲ. ಅವರು ಬಾಯಲ್ಲಿದ್ದ ಗುಂಡುಸೂಜಿ ತೆಗೆದು, "ಬೇಕಾರೆ ನಾನು ಒಂದ್ ಕೈ ಕೂತ್ಕೊಳ್ಲಾ ಮೇಷ್ಟ್ರೇ?" ಎಂದರು. ನಾವೆಲ್ಲ ನಕ್ಕೆವು. ಹಿಂದೆ ಕೊಡಗಿನ ಒಂದು ಕಾಫಿ ತೋಟದ ಬಂಗಲೆಯಲ್ಲಿ ಪರದೆ ಹೊಲಿಯಲು ಮೂರು ತಿಂಗಳು ತಂಗಿದ್ದರಂತೆ. ಅಲ್ಲಿಯ ಇಂಗ್ಲಿಷ್ ದೊರೆಗೆ ಮಳೆಗಾಲದಲ್ಲಿ ಆಟಕ್ಕೆ ಜನ ಸಿಗದೆ ಇವರನ್ನೇ ಕೂರಿಸಿಕೊಂಡು ಕಲಿಸಿದನಂತೆ. ಆ ಸಂಜೆ ಅವರು ಆಡಿದ್ದು ನೋಡಿ ನಮ್ಮ ನಗು ಅಲ್ಲೇ ನಿಂತಿತು. ಯಾರ ಕೈಯಿಂದ ಯಾವ ಎಲೆ ಬಿತ್ತು, ಯಾವುದು ಇನ್ನೂ ಒಳಗಿದೆ, ಎಲ್ಲಾ ಅವರಿಗೆ ಗೊತ್ತಿರುತ್ತಿತ್ತು. ನನಗಂತೂ ಹೋದ ಜೀವ ಬಂದ ಹಾಗಾಯಿತು.

ಅಂದಿನಿಂದ ನಾವಿಬ್ಬರು ಜೊತೆ. ಆದರೆ ಅವರು ಕ್ಲಬ್ಬಿನ ಮೆಂಬರಲ್ಲ, ನನ್ನ ಅತಿಥಿ. ಮೆಂಬರು ಜೊತೆಯಲ್ಲಿಲ್ಲದೆ ಅತಿಥಿ ಒಳಗೆ ಕಾಲಿಡುವಂತಿಲ್ಲ ಎಂದು ಗೋಡೆಯ ಮೇಲೆ ಬರೆದು ಹಾಕಿದ್ದರು. ಒಮ್ಮೆ ಸ್ಕೂಲಿನಲ್ಲಿ ನನಗೆ ತಡವಾಯಿತು. ಬಂದು ನೋಡಿದರೆ ಸಾಹೇಬರು ಗೇಟಿನ ಹೊರಗೆ ಹೊಂಗೆಮರದ ಕೆಳಗೆ ನಿಂತಿದ್ದಾರೆ, ಟೋಪಿ ತೆಗೆದು ಬೆವರು ಒರೆಸಿಕೊಳ್ಳುತ್ತಾ. ಒಳಗೆ ಕೂತವರು ಅವರೇ ಹೊಲಿದ ಕೋಟು ತೊಟ್ಟವರು. ಒಬ್ಬರೂ ಬನ್ನಿ ಎಂದಿರಲಿಲ್ಲ. ನನಗೆ ಉರಿದುಹೋಯಿತು.

"ಬುಡಿ ಮೇಷ್ಟ್ರೇ, ನೆಳ್ಳು ಚೆನ್ನಾಗೈತೆ," ಎಂದರು ಅವರು. ಆಮೇಲೆ ಒಳಗೆ ಹೋಗುವಾಗ ತಗ್ಗಿದ ದನಿಯಲ್ಲಿ, "ಒಂದೇ ಒಂದು ಆಸೆ ಕಣ್ರೀ. ನೀವಿಲ್ದಿದ್ರೂ ನಾನು ಒಬ್ನೇ ಈ ಬಾಗ್ಲು ದಾಟಿ ಬರೋ ಅಂಗಾಗ್ಬೇಕು," ಎಂದರು.

ನಾನು ಅಂದೇ ಕಾರ್ಯದರ್ಶಿಗಳ ಮೇಜಿಗೆ ಹೋಗಿ ಕೂತೆ. ಅವರು ನಿವೃತ್ತ ರೇಂಜರು, ಹೆಗ್ಗಡದೇವನಕೋಟೆಯ ಕಾಡುಗಳಲ್ಲಿ ಆಯುಸ್ಸು ಕಳೆದವರು, ಮಾತು ಕಮ್ಮಿ. ಸಾಹೇಬರನ್ನು ಮೆಂಬರು ಮಾಡಿಕೊಳ್ಳಿ ಎಂದೆ. ಅವರು ಮೀಸೆ ನೀವಿಕೊಂಡರು. "ಆಡುತ್ತಾರೆ, ನಿಜ. ಆದರೆ ಇಂಗ್ಲಿಷ್ ಬರೋದಿಲ್ಲ, ಪದ್ಧತಿ ಗೊತ್ತಿಲ್ಲ ಅಂತ ಮಿಕ್ಕವರ ತಕರಾರು. ಪುಷ್ಯದಲ್ಲಿ ಪಿರಿಯಾಪಟ್ಟಣದವರು ಪಂದ್ಯಕ್ಕೆ ಬರುತ್ತಾರಲ್ಲ, ನಿಮ್ಮ ಜೊತೆ ಆಡಲಿ. ಸೋತರೂ ಚಿಂತೆಯಿಲ್ಲ. ಪುಸ್ತಕದಲ್ಲಿರುವಂಥ ಹೊಸ ಪದ್ಧತಿಯಲ್ಲಿ, ಒಂದೂ ಮಾತು ಮರೆಯದೆ ಆಡಿದರೆ ಮಾರನೆಯ ದಿನವೇ ಹೆಸರು ಬರೆದುಕೊಳ್ಳುತ್ತೇನೆ," ಎಂದರು. ಅಲ್ಲಿಗೆ ಎಲ್ಲವೂ ಒಬ್ಬ ದರ್ಜಿಯ ನೆನಪಿನ ಮೇಲೆ ನಿಂತಿತು. ಹಾಗೆಂದು ನಾವೆಲ್ಲ ತಿಳಿದುಕೊಂಡೆವು.

ಅದುವರೆಗೆ ನಮ್ಮದು ನಾಟಿ ಪದ್ಧತಿ. ಕೈಯಲ್ಲಿ ಯಾವ ಬಣ್ಣ ಹೆಚ್ಚಿದೆಯೋ ಅದನ್ನು ಹೇಳುವುದು, ಗಟ್ಟಿಯಾಗಿದ್ದರೆ ಒಂದು ಮೆಟ್ಟಿಲು ಮೇಲೆ ಹೇಳುವುದು. ನಾನು ಮೈಸೂರಿಗೆ ಹೋಗಿ ಹಳೆ ಪುಸ್ತಕದ ಅಂಗಡಿಯಲ್ಲಿ ಒಂದು ಇಂಗ್ಲಿಷ್ ಪುಸ್ತಕ ಹುಡುಕಿ ತಂದೆ. ಬರುವಾಗ ಬಸ್ಸಿನಲ್ಲೇ ಅರ್ಧ ಓದಿ ಮುಗಿಸಿ ತಲೆ ತಿರುಗಿದವನಂತೆ ಮನೆ ಸೇರಿದೆ. ಅದರಲ್ಲಿ ಮೂರು ಪದ್ಧತಿಗಳಿದ್ದವು, ಒಂದಕ್ಕಿಂತ ಒಂದು ಜಾಣತನದ್ದು. ಮೂರೂ ನನಗೆ ಬೇಕೆನಿಸಿತು. ಸೀರೆ ಅಂಗಡಿಯಲ್ಲಿ ಕೂತ ಹೆಂಗಸರ ಹಾಗೆ ಆಡುತ್ತಿದ್ದೀರಿ ಎಂದು ನನ್ನ ಹೆಂಡತಿ ನಕ್ಕಳು.

ದಿನಾ ಮಧ್ಯಾಹ್ನ ಸ್ಕೂಲು ಬಿಟ್ಟಮೇಲೆ ಸಾಹೇಬರು ನಮ್ಮ ಜಗಲಿಗೆ ಬರುತ್ತಿದ್ದರು. ಇಬ್ಬರೇ ಕೂತು, ಎಲೆ ಹಂಚಿಕೊಂಡು, ಆಟ ಆಡದೆ ಬರೀ ಮಾತಿನ ಅಭ್ಯಾಸ. ಒಳಗೆ ನಡುಮನೆಯಲ್ಲಿ ಹೆಂಡತಿ ಅವರೆಕಾಯಿ ಸುಲಿಯುತ್ತಾ ಕೂತಿರುತ್ತಿದ್ದಳು. ಚಳಿಗಾಲದ ಬಿಸಿಲು ಜಗಲಿಯ ಮೇಲೆ ಚಾಪೆಯ ಹಾಗೆ ಬಿದ್ದಿರುತ್ತಿತ್ತು. ಲಕ್ಷ್ಮಣತೀರ್ಥದ ಕಡೆಯಿಂದ ಗಾಳಿ ಬಂದು ಎಲೆ ಹಾರಿಸಿದರೆ ಸಾಹೇಬರು ತಮ್ಮ ಕತ್ತರಿಯನ್ನು ಅದರ ಮೇಲಿಡುತ್ತಿದ್ದರು. ಆ ಮಧ್ಯಾಹ್ನಗಳು ಎಷ್ಟು ಉದ್ದವಾಗಿದ್ದವು! ಈಗ ಲೆಕ್ಕ ಹಾಕಿದರೆ ಎರಡೇ ತಿಂಗಳು. ನನಗೆ ಅಲ್ಲಿ ಒಂದು ಇಡೀ ಆಯುಸ್ಸು ಕಳೆದಂತೆ ಅನಿಸುತ್ತದೆ.

ಮೊದಲನೆಯ ಪದ್ಧತಿಯಲ್ಲಿ ಎಕ್ಕಕ್ಕೆ ಇಷ್ಟು, ರಾಜನಿಗೆ ಇಷ್ಟು, ಅರ್ಧ, ಕಾಲು ಎಂದು ಬೆಲೆ ಕಟ್ಟಿ ಕೂಡಿಸಬೇಕಿತ್ತು. ಸಾಹೇಬರು ಎರಡು ದಿನ ಕೂಡಿಸಿದರು. ಮೂರನೆಯ ದಿನ ಎಲೆ ಕೆಳಗಿಟ್ಟು, "ಮೇಷ್ಟ್ರೇ, ಬಟ್ಟೆ ನೋಡಿದ್ರೆ ಕೋಟಾಗ್ತದೋ ವೇಸ್ಟ್‌ಕೋಟೇ ಆಗ್ತದೋ ಗೊತ್ತಾಗೋದಿಲ್ವಾ? ಗಜ ಹಾಕೇ ನೋಡ್ಬೇಕಾ?" ಎಂದರು. ನಾನು ರೇಗಿದೆ. ಕ್ಲಾಸಿನಲ್ಲಿ ಹುಡುಗರಿಗೆ ಹೇಳುವ ದನಿಯಲ್ಲೇ, ಮರೆತೆ ಅಂತ ಹೇಳಿ, ಸುತ್ತಿ ಬಳಸಬೇಡಿ ಎಂದುಬಿಟ್ಟೆ. ನನಗಿಂತ ಹನ್ನೆರಡು ವರ್ಷ ಹಿರಿಯರು ಅವರು. ಸುಮ್ಮನೆ ನಕ್ಕರು.

ಎರಡನೆಯದರಲ್ಲಿ ಜೊತೆಯವನ ಹತ್ತಿರ ಎಷ್ಟು ಎಕ್ಕ ಇವೆಯೆಂದು ಕೇಳುವುದಕ್ಕೇ ಒಂದು ಮಾತಿತ್ತು. ಅದಕ್ಕೆ ಅವರು, "ಕೇಳೋದ್ಯಾಕೆ? ಎಕ್ಕ ಬಂದ್ರೆ ನಿಮ್ಮ ಕಿವಿ ಕೆಂಪಗಾಗ್ತದೆ, ಊರಿಗೇ ಗೊತ್ತು," ಎಂದರು. ಒಳಗಿಂದ ಹೆಂಡತಿ ಕಿಸಕ್ಕನೆ ನಕ್ಕಿದ್ದು ಕೇಳಿಸಿತು. ನಾನು ಪುಸ್ತಕ ಮುಚ್ಚಿ ಒಳಗೆ ಹೋಗಿ ನೀರು ಕುಡಿದು ಬಂದೆ. ಮೂಗಿನ ಮೇಲೆ ಕೋಪ ನನಗೆ, ಈಗಲೂ ಅಷ್ಟೆ.

ನಿಜ ಹೇಳಬೇಕು. ಆ ದಿನಗಳಲ್ಲಿ ಅವರು ತಪ್ಪಿದರೆಂದು ನಾನು ಕೂಗಾಡಿದ್ದರಲ್ಲಿ ಅರ್ಧ ನನ್ನದೇ ಗೊಂದಲ. ಎರಡನೆಯ ಪದ್ಧತಿಯ ಉತ್ತರವನ್ನು ಮೊದಲನೆಯದಕ್ಕೆ ಹೇಳಿ, ಆಮೇಲೆ ಪುಟ ತಿರುವಿ ನೋಡಿ, ಗಂಟಲು ಸರಿಮಾಡಿಕೊಂಡು ಮುಂದೆ ಹೋಗುತ್ತಿದ್ದೆ. ಪುಸ್ತಕ ಇಂಗ್ಲಿಷಿನದು, ಓದುವವನು ನಾನೊಬ್ಬನೇ. ಕೇಳುವವರು ಯಾರು?

ಕೊನೆಗೆ ಮೂರನೆಯದರಿಂದ ಒಂದೇ ಒಂದನ್ನು ಇಟ್ಟುಕೊಂಡು ಮಿಕ್ಕದ್ದೆಲ್ಲ ಬಿಡೋಣ, ನಮ್ಮ ನಾಟಿ ಪದ್ಧತಿಯೇ ಇರಲಿ ಎಂದು ಸಾಹೇಬರೇ ಹೇಳಿದರು. ಇಬ್ಬರಿಗೂ ನೆನಪಿರುವಷ್ಟು ಸಾಕು ಎಂದರು. ಆ ಒಂದು ಇದು: ಕೈ ತುಂಬಾ ಎಕ್ಕ ರಾಜರೇ ಬಂದು, ಒಬ್ಬನೇ ಆಟ ಗೆಲ್ಲಿಸಬಲ್ಲೆ ಎನ್ನುವಂತಿದ್ದರೆ ಮೊದಲ ಮಾತೇ ಎರಡು ಕಳಾವರ್. ಕೈಯಲ್ಲಿ ಕಳಾವರ್ ಇರಲಿ, ಇಲ್ಲದಿರಲಿ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಅದನ್ನು ಕೇಳಿದ ಜೊತೆಯವನು ಯಾವ ಕಾರಣಕ್ಕೂ ಪಾಸ್ ಅನ್ನುವಂತಿಲ್ಲ. ಅವನ ಹತ್ತಿರ ಏನೂ ಇಲ್ಲದಿದ್ದರೆ ಎರಡು ಡೈಮನ್ ಅನ್ನಬೇಕು, ಆಗ ಮೊದಲನೆಯವನು ತನ್ನ ನಿಜವಾದ ಬಣ್ಣ ಹೇಳುತ್ತಾನೆ. ನಾಟಿ ಪದ್ಧತಿಯಲ್ಲಿ ಎರಡು ಕಳಾವರ್ ಅಂದರೆ ಕಳಾವರ್ ಹೆಚ್ಚಿದೆ ಅಂತಷ್ಟೇ ಅರ್ಥ, ಬೇಡವಾದರೆ ಪಾಸ್ ಮಾಡಬಹುದು. ಇಲ್ಲಿ ಹಾಗಲ್ಲ. ಇದನ್ನು ಹೇಗೆ ನೆನಪಿಡುತ್ತೀರಿ ಎಂದು ನಾನು ಕಣ್ಣರಳಿಸಿ ಕೇಳಿದೆ.

ಪುಸ್ತಕದಲ್ಲಿ ಈ ಮಾತುಗಳಿಗೆ 'ಕಾಲ್' ಎಂದಿತ್ತು. ನಾನು ಮೇಷ್ಟ್ರಲ್ಲವೇ, ಕನ್ನಡ ಮಾಡಿ 'ಕರೆ' ಎಂದಿದ್ದೆ. ಸಾಹೇಬರು ಅದನ್ನೇ ಹಿಡಿದುಕೊಂಡರು.

"ಕರೆ ಅಂದ್ರೆ ಕರೆಯೋದು ತಾನೆ? ಮದ್ವೆಗೆ ಕರೆಯೋಕೆ ಬತ್ತಾರಲ್ಲ, ಅಂಗೆ. ಎರಡು ಕಳಾವರ್ ಅಂದ್ರೆ ಮನೆ ಬಾಗ್ಲಿಗೆ ಬಂದು ಮದ್ವೆಗೆ ಕರ್ದಂಗೆ ಮೇಷ್ಟ್ರೇ. ಕರ್ದೋರ ಮುಂದೆ ಸುಮ್ನೆ ಕೂತ್ಕೊಳ್ಳಕ್ಕಾಗ್ತದಾ? ಬರಿಗೈಲಾದ್ರೂ ಓಗ್ಬೇಕು. ಓಗಿ, 'ಬಂದಿವ್ನಿ ಕಣಪ್ಪ, ನನ್ತಾವ ಏನೂ ಇಲ್ಲ' ಅನ್ಬೇಕು. ಅದೇ ಎರಡು ಡೈಮನ್." ಕೈಲಿದ್ದ ಡೈಮನ್ ಎಲೆ ತಿರುವಿ ನೋಡಿ, "ವಜ್ರ ಇಡ್ಕೊಂಡು ಬರಿಗೈ ಅನ್ನೋದು, ಇಂಗ್ಲಿಷ್ನೋರ ತಮಾಸೆ ನೋಡಿ!" ಎಂದರು.

ಅದಾದಮೇಲೆ ಅವರು ಒಂದು ಸಲವೂ ತಪ್ಪಲಿಲ್ಲ. ಜಗಲಿಯಲ್ಲಿ ಅವರು "ಎರಡು ಕಳಾವರ್" ಎಂದ ಕೂಡಲೇ ನಡುಮನೆಯಿಂದ ನನ್ನ ಹೆಂಡತಿ, "ಕರೆ ಬಂತು, ಎದ್ದು ಹೋಗಿ," ಎನ್ನುತ್ತಿದ್ದಳು. ಇಸ್ಪೀಟು ಮುಟ್ಟಿದವಳಲ್ಲ, ಕೇಳಿ ಕೇಳಿ ಅವಳಿಗೂ ಬಂದಿತ್ತು.

ಪಂದ್ಯದ ದಿನ ಹನಗೋಡಿನ ಕಡೆಯಿಂದ ಎದ್ದ ಮಂಜು ಹತ್ತು ಗಂಟೆಯಾದರೂ ಕರಗಿರಲಿಲ್ಲ. ಪಿರಿಯಾಪಟ್ಟಣದ ಬಸ್ಸು ಹೊಗೆ ಕಾರುತ್ತಾ ಮಂಜಿನೊಳಗಿಂದ ಬಂದು ನಿಂತಿತು. ಸಾಹೇಬರು ತಾವೇ ಹೊಲಿದುಕೊಂಡ ಹೊಸ ಕರಿ ಕೋಟು ತೊಟ್ಟಿದ್ದರು. ಕ್ಲಬ್ಬಿನ ಗೇಟಿನ ಹತ್ತಿರ ನನ್ನ ತೋಳು ಮುಟ್ಟಿ, "ಮೇಷ್ಟ್ರೇ, ಇವತ್ತು ನಾಟಿನೋ, ಕರೆಯೋಲೆನೋ?" ಎಂದರು. ತಮಾಷೆಗೆ ಕೇಳಿದ್ದು. ನನ್ನ ತಲೆಯಲ್ಲಿ ಪುಸ್ತಕದ ಪುಟಗಳೇ ಓಡುತ್ತಿದ್ದವು, ನನಗೆ ತಮಾಷೆ ತಿಳಿಯಲಿಲ್ಲ. "ಇಷ್ಟು ದಿನ ಹೇಳಿಕೊಟ್ಟು ಈಗ ಇದನ್ನು ಕೇಳುತ್ತೀರಾ?" ಎಂದು ಸಿಡುಕಿದೆ. ಇವರು ಇವತ್ತು ಮರೆತೇ ಮರೆಯುತ್ತಾರೆ ಎಂಬ ಹುಳ ಆಗಲೇ ನನ್ನ ತಲೆಗೆ ಹೊಕ್ಕಿತು.

ಬೆಳಿಗ್ಗೆ ಪೂರ್ತಿ ಚೆನ್ನಾಗಿಯೇ ಆಡಿದೆವು. ಊಟವಾದ ಮೇಲೂ ಹಾಗೆಯೇ. ರೇಂಜರು ಸಾಹೇಬರ ಕುರ್ಚಿಯ ಹಿಂದೆ ಕೈಕಟ್ಟಿ ನಿಂತು ನೋಡುತ್ತಿದ್ದರು, ಎರಡು ಸಲ ತಲೆದೂಗಿದ್ದನ್ನು ನಾನೇ ಕಂಡೆ. ಬಿಸಿಲು ಇಳಿದು ಮೇಜಿನ ಮೇಲೆ ಹೊಂಗೆಯ ನೆರಳು ಆಡುತ್ತಿತ್ತು. ಕೊನೆಯ ಹಂಚಿಕೆ. ನನ್ನ ಎಲೆ ತೆಗೆದು ನೋಡಿದರೆ ಒಂದು ಗುಲಾಮ ಕೂಡ ಇಲ್ಲದ ದರಿದ್ರ ಕೈ, ಮೂರು ಸಣ್ಣ ಕಳಾವರ್, ಮಿಕ್ಕದ್ದೆಲ್ಲ ಪುಡಿ. ಹಂಚಿದ್ದು ಸಾಹೇಬರು, ಮೊದಲ ಮಾತು ಅವರದೇ.

"ಎರಡು ಕಳಾವರ್," ಎಂದರು.

ಶಾಂತವಾಗಿ ಹೇಳಿದರು. ಜಗಲಿಯಲ್ಲಿ ಹೇಳುತ್ತಿದ್ದ ಹಾಗೆಯೇ. ಬಲಗಡೆಯವರು ಪಾಸ್ ಎಂದರು. ನನ್ನ ಸರದಿ. ಆ ಹೊತ್ತು ನನ್ನ ತಲೆಯಲ್ಲಿ ನಡೆದದ್ದನ್ನು ಇಷ್ಟು ವರ್ಷವಾದರೂ ಒಂದೊಂದಾಗಿ ಹೇಳಬಲ್ಲೆ. ಮರೆತರು ಎಂದುಕೊಂಡೆ. ಗಾಬರಿಯಲ್ಲಿ ನಾಟಿಗೆ ಹೋದರು, ಕೈಯಲ್ಲಿ ಕಳಾವರ್ ಹೆಚ್ಚಿದೆ, ಅದನ್ನೇ ಹೇಳಿದರು ಎಂದುಕೊಂಡೆ. ನಾನು ಎರಡು ಡೈಮನ್ ಅಂದರೆ ಅವರಿಗೆ ತಿಳಿಯುವುದಿಲ್ಲ, ಎಲ್ಲರ ಮುಂದೆ ಎಡವುತ್ತಾರೆ, ಸುಮ್ಮನಿದ್ದರೆ ಅವರ ಮಾನ ಉಳಿಯುತ್ತದೆ ಎಂದುಕೊಂಡೆ. ನನ್ನ ಜಾಣತನಕ್ಕೆ ಬೆಂಕಿ ಬೀಳ! "ಪಾಸ್," ಎಂದೆ.

ಎಡಗಡೆಯವರೂ ಪಾಸ್. ಮಾತು ಅಲ್ಲಿಗೇ ನಿಂತಿತು, ಎರಡು ಕಳಾವರೇ ಕಡೆಯ ಮಾತಾಗಿ ಕಳಾವರ್ ತುರುಪಾಯಿತು. ನಾನು ನನ್ನ ಎಲೆಗಳನ್ನು ಮೇಜಿನ ಮೇಲೆ ಹರಡಬೇಕು, ಎರಡೂ ಕೈಯನ್ನು ಸಾಹೇಬರೇ ಆಡಬೇಕು. ಹರಡಿದೆ. ಅವರು ನನ್ನ ಮೂರು ಸಣ್ಣ ಕಳಾವರ್ ನೋಡಿದರು, ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದರು. ಕೋಪವಿರಲಿಲ್ಲ. ದಾರಿ ತಪ್ಪಿದವರು ಕೈಕಂಬ ಹುಡುಕುವ ನೋಟ ಅದು. ಆಮೇಲೆ ತಲೆ ತಗ್ಗಿಸಿ ಆಡಿದರು. ಅವರ ಕೈಯಲ್ಲಿ ಕಳಾವರ್ ಇದ್ದದ್ದು ಎರಡೇ. ಮಿಕ್ಕ ಹನ್ನೊಂದರಲ್ಲಿ ಇಸ್ಪೀಟಿನ ಎಕ್ಕದಿಂದ ಗುಲಾಮನವರೆಗೆ, ಆಟೀನಿನ ಎಕ್ಕ ರಾಜ ರಾಣಿ, ಡೈಮನಿನ ಎಕ್ಕ ರಾಜ. ಇಸ್ಪೀಟ್ ತುರುಪಾಗಿದ್ದರೆ ಕಣ್ಣುಮುಚ್ಚಿ ಗೆಲ್ಲಬಹುದಿತ್ತು. ಎರಡು ಎಂದವರು ಎಂಟು ಸುತ್ತು ಗೆಲ್ಲಬೇಕು, ಬಂದದ್ದು ಆರು.

ಪಿರಿಯಾಪಟ್ಟಣದವರೊಬ್ಬರು ಜೋರಾಗಿ ನಕ್ಕರು. "ಇಂಥ ಕೈ ಇಟ್ಟುಕೊಂಡು ಎರಡು ಕಳಾವರ್ರಾ?" ಎಂದರು. ರೇಂಜರು ಬಗ್ಗಿ, ಬೇಸರದಿಂದಲೇ, "ಪದ್ಧತಿ ಮರೆತಿರಾ ಸಾಹೇಬರೇ?" ಎಂದು ಕೇಳಿದರು.

ಸಾಹೇಬರು ನನ್ನ ಕಡೆ ನೋಡಿದರು. ನಾನು ಮೇಜಿನ ಮೇಲಿನ ಎಲೆಗಳನ್ನು ಕೂಡಿಸುತ್ತಿದ್ದೆ. ಅಷ್ಟು ಹೊತ್ತಿಗೆ ನನಗೆ ಎಲ್ಲಾ ತಿಳಿದಿತ್ತು. ಬಾಯಿ ಬಿಡಬೇಕಿತ್ತು. ಒಂದು ಮಾತು, ತಪ್ಪು ನನ್ನದು ಅಂತ. ಇಂಗ್ಲಿಷ್ ಮೇಷ್ಟ್ರು, ಪುಸ್ತಕ ತಂದವನು, ಎಲ್ಲರಿಗೂ ಉಪದೇಶ ಮಾಡಿದವನು, ಆ ಒಂದು ಮಾತು ಹೇಳದೆ ಎಲೆಗಳ ಅಂಚು ಸರಿಮಾಡುತ್ತಾ ಕೂತೆ.

"ಮರ್ತೆನೇನೋ ಸ್ವಾಮಿ," ಎಂದರು ಸಾಹೇಬರು.

ಇಬ್ಬರೂ ಕ್ಲಬ್ಬಿನಿಂದ ನಡೆದು ಹೊರಟೆವು. ಸೇತುವೆಯ ಹತ್ತಿರ ನದಿಯ ಮೇಲೆ ತೆಳ್ಳಗೆ ಮಂಜು ಇಳಿಯುತ್ತಿತ್ತು, ದನಗಳು ನೀರಿನಿಂದ ಹೊರಗೆ ಬಂದು ಮೈ ಕೊಡವುತ್ತಿದ್ದವು. ಅವರು ನಿಂತರು.

"ಮೇಷ್ಟ್ರೇ, ಒಂದ್ ಮಾತು. ಎರಡು ಕಳಾವರ್ ಅಂದ್ರೆ ಪಾಸ್ ಮಾಡ್ಬಾರ್ದು ಅಂತ ಅಲ್ವಾ ನಾವು ಇಟ್ಕೊಂಡಿದ್ದು? ನಂಗೆ ಅಂಗೇ ಗ್ಯಾಪ್ಕ. ಇಲ್ಲಾ ನಾನೇ ತಪ್ಪು ತಿಳ್ಕೊಂಡ್ನಾ?"

ಸುತ್ತ ಯಾರೂ ಇರಲಿಲ್ಲ. ಹೇಳಿದ್ದರೆ ಕೇಳಿಸುತ್ತಿದ್ದದ್ದು ಅವರೊಬ್ಬರಿಗೆ. ಆದರೂ ನಾನು ಹೇಳಿದ್ದು ಇದು: "ನಿಮಗೇ ಮರೆತಿರಬೇಕು, ಸಾಹೇಬರೇ. ಹೋಗಲಿ ಬಿಡಿ."

"ಔದಾ?" ಎಂದರು. ಪೇಟೆಬೀದಿಯ ತಿರುವಿನಲ್ಲಿ ಸಲಾಮು ಹೇಳಿ ಹೋದರು. ಹೊಸ ಕೋಟಿನ ಬೆನ್ನು ಮಂಜಿನಲ್ಲಿ ಕರಗುವವರೆಗೆ ನಾನು ಅಲ್ಲೇ ನಿಂತಿದ್ದೆ.

ಮನೆಯಲ್ಲಿ ಹೆಂಡತಿ ಏನಾಯಿತು ಎಂದು ಕೇಳಿದಳು. ಸಾಹೇಬರು ಮರೆತರು ಎಂದೆ. ಏನು ಮರೆತರು ಎಂದಳು. ಎರಡು ಕಳಾವರ್ ಎಂದರು, ನಾನು ಪಾಸ್ ಮಾಡಿದೆ ಎಂದೆ. ಅವಳು ಕೈಯಲ್ಲಿದ್ದ ಲೋಟ ಕೆಳಗಿಟ್ಟಳು.

"ಕರೆಯೋಕೆ ಬಂದರು, ನೀವು ಏಳಲೇ ಇಲ್ಲ. ಮರೆತದ್ದು ಯಾರು?"

ಇಷ್ಟೇ ಹೇಳಿದಳು.

ಬೆಳಗಾಗುತ್ತಲೇ ಬಾಗಿಲು ತಟ್ಟಿದ ಸದ್ದಾಯಿತು. ಸಾಹೇಬರು. ಕಣ್ಣು ಕೆಂಪಗಿದ್ದವು. ಜಗಲಿಯ ಮೇಲೆ ಕೂತರು, ಕಾಫಿ ಬೇಡವೆಂದರು.

"ಆ ಪುಟ ಇನ್ನೊಂದ್ಸಲ ಓದಿ ಮೇಷ್ಟ್ರೇ. ಎಲ್ಲಿ ಮರ್ತೆ ಅಂತ ತಿಳ್ಕೋಬೇಕು." ಬೆರಳುಗಳನ್ನು ಒಂದಕ್ಕೊಂದು ಹೆಣೆದುಕೊಂಡರು. "ನಿಮ್ಗೆ ಯೋಳಿರ್ಲಿಲ್ಲ. ನಮ್ಮಪ್ಪಂಗೆ ಐವತ್ತು ದಾಟ್ತಿದ್ದಂಗೆ ಮರೆವು ಬಂತು. ಮೊದ್ಲು ಮಾತು ಮರ್ತ, ಆಮೇಲೆ ಬೀದಿ ಮರ್ತ, ಕೊನೀಗೆ ನನ್ನೇ ನೋಡಿ ಯಾರಪ್ಪ ನೀನು ಅಂದ. ನಂಗೂ ಈಗ ಐವತ್ತಾಯ್ತು. ರಾತ್ರಿಯೆಲ್ಲಾ ಕಣ್ಮುಚ್ಚಿಲ್ಲ ಕಣ್ರೀ. ಕ್ಲಬ್ಬು ಓದ್ರೆ ಓಗ್ಲಿ. ನಂಗೆ ಸುರುವಾಗೋಯ್ತಾ ಅಂತ."

ನಾನು ಪುಸ್ತಕ ತಂದೆ. ಅದು ಇಂಗ್ಲಿಷ್ ಪುಸ್ತಕ, ನಾನು ಏನು ಓದಿದರೂ ಅವರಿಗೆ ಅದೇ ವೇದ. ನೆನ್ನೆಯ ಸುಳ್ಳಿಗೆ ತಕ್ಕಂತೆ ಓದಿಬಿಡಬಹುದಿತ್ತು, ಮುಚ್ಚಿಡುವುದೇನು, ಒಂದು ಗಳಿಗೆ ಆ ಯೋಚನೆಯೂ ಬಂತು. ನಡುಮನೆಯ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ನಾನು ಇದ್ದದ್ದು ಇದ್ದ ಹಾಗೆ ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳಿದೆ. ಎರಡು ಕಳಾವರ್ ಎಂದರೆ ಜೊತೆಯವನು ಪಾಸ್ ಮಾಡಕೂಡದು. ಕೈಯಲ್ಲಿ ಏನೂ ಇಲ್ಲದಿದ್ದರೂ ಮಾಡಕೂಡದು. "ನೀವು ಮರೆಯಲಿಲ್ಲ. ನೀವು ಮರೆತಿರಿ ಅಂತ ನಾನು ಅಂದುಕೊಂಡೆ. ತಪ್ಪು ನನ್ನದು. ಸೇತುವೆ ಹತ್ತಿರ ಹೇಳಿದ್ದು ಸುಳ್ಳು," ಎಂದೆ.

ಬೈಯುತ್ತಾರೆ ಎಂದು ತಲೆ ತಗ್ಗಿಸಿ ಕೂತಿದ್ದೆ. ಅವರು ಬೈಯಲಿಲ್ಲ. ಅವರ ಮುಖ ಅರಳುತ್ತಾ ಬಂತು. "ಅಂಗಾದ್ರೆ ನಂಗೆ ಮರೆವು ಬಂದಿಲ್ಲ!" ಎಂದರು. "ಯಾ ಅಲ್ಲಾ! ನಂಗೆ ಎಲ್ಲಾ ಗ್ಯಾಪ್ಕ ಐತೆ!" ಅಂಗೈಯಿಂದ ಮುಖ ಒರೆಸಿಕೊಂಡು, ಮಗುವಿನಂತೆ ನಕ್ಕು, ನನ್ನ ಹೆಂಡತಿಯನ್ನು "ಅಮ್ಮಾ, ಈಗ ಕಾಪಿ ಕೊಡಿ," ಎಂದು ಕೇಳಿ ಕುಡಿದರು. ಆ ನಗು ನೋಡಿ ನನಗೆ ಅಳು ಬಂತು. ಎರಡು ಏಟು ಹಾಕಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಹೊರಡುವಾಗ ಮೆಟ್ಟಿಲ ಮೇಲೆ ನಿಂತು, "ಈಗ ಓದಿದ್ರಲ್ಲ, ಅದನ್ನ ಅಲ್ಲೂ ಒಂದ್ಸಲ ಓದಿ," ಎಂದರು.

ಅಂದೇ ಸಂಜೆ ಓದಿದೆ. ಕ್ಲಬ್ಬಿನ ನಡುವೆ ನಿಂತು, ಪುಸ್ತಕ ತೆರೆದು, ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಕನ್ನಡದಲ್ಲಿ. ಪಾಸ್ ಮಾಡಿದವನು ನಾನು, ಸುಮ್ಮನಿದ್ದವನೂ ನಾನು ಎಂದೆ. ಕೆಲವರು ಪತ್ರಿಕೆಯ ಹಿಂದೆ ಮುಖ ಮರೆಸಿಕೊಂಡರು. ರೇಂಜರು ದಫ್ತರು ತೆಗೆದು ಸಾಹೇಬರ ಹೆಸರು ಬರೆದರು. ಮಸಿ ಆರುವವರೆಗೆ ಊದಿದರು.

ಮಾರನೆಯ ಸಂಜೆ ನಾನು ಬೇಕೆಂದೇ ಬೇಗ ಹೋಗಿ ನಮ್ಮ ಮೇಜಿನಲ್ಲಿ ಕೂತೆ. ಎದುರಿನ ಕುರ್ಚಿಯ ಧೂಳು ಒರೆಸಿದೆ. ಸಾಹೇಬರು ಬಂದರು. ಗೇಟಿನಲ್ಲಿ ನಿಲ್ಲಲಿಲ್ಲ, ಯಾರಿಗೂ ಕಾಯಲಿಲ್ಲ, ಬಾಗಿಲು ದಾಟಿ ಒಬ್ಬರೇ ನೆಟ್ಟಗೆ ಒಳಗೆ ಬಂದರು. ನಾನು ಎಲೆ ಕಲಸಲು ಶುರುಮಾಡಿದೆ.

ಅವರು ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟು ನಿಂತರು, ಕೂರಲಿಲ್ಲ.

"ತಪ್ಪು ತಿಳ್ಕೋಬೇಡಿ ಮೇಷ್ಟ್ರೇ," ಎಂದರು, ನನಗೊಬ್ಬನಿಗೇ ಕೇಳಿಸುವಂತೆ. "ಪಾಸ್ ಮಾಡಿದ್ರಲ್ಲ, ಅದಕ್ಕಲ್ಲ. ಆಟದಾಗೆ ಅಂಗಾಯ್ತದೆ. ಸೇತ್ವೆ ತಾವ ನಾನು ಕೇಳಿದ್ನಲ್ಲ, ಆಗ ನೀವು ಅಂದ್ರಲ್ಲ, ಅದಕ್ಕೆ." ಬೆರಳಿನಿಂದ ಕುರ್ಚಿಯ ಮೇಲೆ ಇನ್ನೂ ಉಳಿದಿದ್ದ ಒಂದಿಷ್ಟು ಧೂಳು ತಟ್ಟಿದರು. "ಮನೀಗೆ ಬತ್ತೀನಿ. ಕಾಪಿ ಕುಡೀತೀನಿ. ನಿಮ್ ಕೋಟೂ ನಾನೇ ಒಲೀತೀನಿ. ಎದುರಿಗೆ ಕೂತು ಆಡಕ್ಕಾಗಲ್ಲ ಬುಡಿ."

ಹೋಗಿ ರೇಂಜರ ಎದುರು ಕೂತರು. ಅವರಿಬ್ಬರೂ ಪದ್ಧತಿ ಗೊತ್ತುಮಾಡಿಕೊಳ್ಳುವುದು ನನಗೆ ಕೇಳಿಸುತ್ತಿತ್ತು. ನಾಟಿಯೇ ಸಾಕು ಎಂದರು ರೇಂಜರು, ಸಾಹೇಬರು ಹೂಂ ಎಂದರು. ನನಗೆ ವರ್ಗವಾಗುವವರೆಗೆ ಮುಂದೆ ಎರಡು ವರ್ಷ ನಾವು ಒಂದೇ ಕೋಣೆಯಲ್ಲಿ, ಬೇರೆ ಬೇರೆ ಮೇಜುಗಳಲ್ಲಿ ಆಡಿದೆವು.